ಸುದ್ದಿಯ ಮೊದಲ ಸಾಲು ಯಾರದು?

(ಕಾರ್ಮಿಕರ ವಾಚನಾಲಯದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಅಮೇರಿಕದಲ್ಲಿ ಬಿಳಿಯರ ಕರಿಯರ ನಡುವೆ ನಡೆದ ಗಲಭೆಗಳನ್ನು ಪತ್ರಿಕೆಯವರು ಹೇಗೆ ಬರೆದರು, ಬರೆಯಹೋದಾಗ ಅವರಿಗೆ ಎಂಥ ಕಷ್ಟಗಳು ಎದುರಾದವು ಎಂಬುದು ಈ ಸಂಜೆಯ ವಿಷಯ. ಬೋನಸ್ಸಿನ ಮಾತು ಬಾಕಿ ಇರುವಾಗ, ಸರಕಿನ ದರ ದಿನಕ್ಕೊಂದು ಥರ ಇರುವಾಗ, ಏಳು ಸಮುದ್ರದಾಚೆಯ ಈ ಕಥೆ ನಮಗೇಕೆ ಎಂದು ಬಾಗಿಲ ಬಳಿ ನಿಂತವರು ಕೇಳಿದರೆ ಅದು ತಪ್ಪಲ್ಲ. ಆದರೆ ಸಮಾಜವಾದಿಗಳಿಗೆ ಈ ದಾರಿ ಹೊಸದಲ್ಲ. 1951ರ ಜೂನ್ ತಿಂಗಳಲ್ಲಿ ನಮ್ಮ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರ ಪರವಾಗಿ ಸತ್ಯಾಗ್ರಹಕ್ಕೆ ನಿಂತು ದಸ್ತಗಿರಿಯಾದ ಡಾ. ರಾಮಮನೋಹರ ಲೋಹಿಯಾ ಅವರು ಅದೇ ವರ್ಷ ಅಮೇರಿಕಕ್ಕೆ ಹೋದರು. ಅನ್ಯಾಯದ ಕಾನೂನನ್ನು ಶಾಂತವಾಗಿ ಮುರಿದು ಜೈಲಿಗೆ ಹೋಗುವ ಮಾರ್ಗವೊಂದಿದೆ ಎಂದು ಅಲ್ಲಿಯ ಜನರಿಗೆ ಹೇಳಿದರು. 13 ವರ್ಷ ಕಳೆದ ಮೇಲೆ, 1964ರ ಮೇ ತಿಂಗಳ ಕೊನೆಯಲ್ಲಿ, ಮಿಸಿಸಿಪಿ ಸಂಸ್ಥಾನದ ಜಾಕ್ಸನ್ ಪಟ್ಟಣದಲ್ಲಿ ಬಿಳಿಯರಿಗೆ ಮಾತ್ರ ಊಟ ಬಡಿಸುವ ಒಂದು ಹೋಟೆಲಿನಿಂದ ಅವರನ್ನೇ ಹೊರಗೆ ಕಳಿಸಿದರು. ಮರುದಿನ ಅವರು ಮತ್ತೆ ಅಲ್ಲಿಗೇ ಹೋದರು. ಪೋಲೀಸರು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ ಆಮೇಲೆ ಬಿಟ್ಟರು. ಅಮೇರಿಕ ಸರಕಾರ ವಿಷಾದ ಹೇಳಿತು. ಆಗ ಲೋಹಿಯಾ ಲೋಕಸಭೆಯ ಸದಸ್ಯರು. ಅದೇ ಬಾಗಿಲಿನಿಂದ ಅಟ್ಟಿಸಿಕೊಂಡ ಆ ಊರಿನ ಕರಿಯ ಕೂಲಿಯವನಿಗೆ ಯಾವ ಸರಕಾರ ವಿಷಾದ ಹೇಳೀತು? ಅವನನ್ನು ಅಟ್ಟಿದ್ದು ಎಷ್ಟು ಪತ್ರಿಕೆಗಳಲ್ಲಿ ಸುದ್ದಿಯಾದೀತು?

ನಾನು ಹೇಳಬೇಕೆಂದಿರುವುದು ಈ ಎರಡನೆಯ ಪ್ರಶ್ನೆಯ ವಿಷಯ. ಗಲಭೆಯಾದಾಗ, ಸಾವಾದಾಗ, ಪ್ರವಾಹವೋ ರೋಗವೋ ಬಂದಾಗ, ಸುದ್ದಿಯ ಮೊದಲ ಸಾಲನ್ನು ಬರೆಸುವವರು ಯಾರು?

ಮೊದಲು ತೀರ ಈಚಿನದನ್ನು ನೋಡೋಣ. 2020ರ ಮೇ 25ರ ಸಂಜೆ, ಮಿನಿಯಾಪೊಲಿಸ್ ಪಟ್ಟಣದ ಒಂದು ಮೂಲೆ ಅಂಗಡಿ. ಜಾರ್ಜ್ ಫ್ಲಾಯ್ಡ್ ಎಂಬ 46 ವರ್ಷದ ಕರಿಯ ಮನುಷ್ಯ ಕೊಟ್ಟ 20 ಡಾಲರಿನ ನೋಟು ಖೋಟಾ ಇರಬೇಕೆಂದು ಅಂಗಡಿಯ ಆಳು ಪೋಲೀಸರಿಗೆ ಫೋನು ಮಾಡಿದ. ಖೋಟಾ ನೋಟು ಗಲ್ಲಾಪೆಟ್ಟಿಗೆಗೆ ಬಂದರೆ ನಮ್ಮ ಪೇಟೆಯಲ್ಲಿ ಏನಾಗುತ್ತದೆ ಎಂದು ನಿಮಗೇ ಗೊತ್ತು: ಒಂದಿಷ್ಟು ಜಗಳ, ಒಂದಿಷ್ಟು ಬೈಗಳು. ಅಲ್ಲಿ ಒಬ್ಬ ಮನುಷ್ಯನ ಪ್ರಾಣ ಹೋಯಿತು. ಆ ರಾತ್ರಿ ಪೋಲೀಸ್ ಇಲಾಖೆ ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯ ತಲೆಬರಹದ ತಾತ್ಪರ್ಯ ಇಷ್ಟು: ಪೋಲೀಸರೊಡನೆ ಇದ್ದಾಗ ದೇಹಸ್ಥಿತಿ ಕೆಟ್ಟು ಒಬ್ಬನ ಮರಣ. ಯಾರೂ ಯಾವ ಆಯುಧವನ್ನೂ ಬಳಸಲಿಲ್ಲ ಎಂಬ ಭರವಸೆಯೂ ಅದರಲ್ಲಿತ್ತು. ಕೈಗೆ ಬೇಡಿ ಹಾಕಿ ನೆಲಕ್ಕೆ ಕೆಡವಿದ ಮನುಷ್ಯನ ಕುತ್ತಿಗೆಯ ಮೇಲೆ ಒಬ್ಬ ಅಧಿಕಾರಿ ಒಂಬತ್ತು ನಿಮಿಷಕ್ಕೂ ಮೇಲೆ ಮೊಣಕಾಲೂರಿ ಕುಳಿತಿದ್ದನೆಂಬ ಸಂಗತಿ ಮಾತ್ರ ಇರಲಿಲ್ಲ. ಅಂಗಡಿಗೆಂದು ಚಿಕ್ಕ ಸೋದರ ಸಂಬಂಧಿಯನ್ನು ಕರೆದುಕೊಂಡು ಬಂದಿದ್ದ 17 ವರ್ಷದ ಹುಡುಗಿಯೊಬ್ಬಳು ತನ್ನ ಫೋನಿನಲ್ಲಿ ಅಷ್ಟನ್ನೂ ಹಿಡಿದು ಲೋಕಕ್ಕೆ ತೋರಿಸಿದಳು. ಮುಂದಿನ ವರ್ಷ ಆ ಅಧಿಕಾರಿಗೆ ಕೊಲೆಯ ಅಪರಾಧದಲ್ಲಿ ಶಿಕ್ಷೆಯಾಯಿತು. ಪತ್ರಿಕೆಯವರಿಗೆ ಕೊಡುವ ಪುಲಿಟ್ಜರ್ ಬಹುಮಾನದ ಮಂಡಳಿ ಆ ಹುಡುಗಿಗೆ ವಿಶೇಷ ಗೌರವ ಸಲ್ಲಿಸಿತು.

ಆ ಹುಡುಗಿ ಅಲ್ಲಿ ಇಲ್ಲದೆ ಹೋಗಿದ್ದರೆ? ಪೋಲೀಸರ ಹೇಳಿಕೆಯೇ ಮರುದಿನದ ಸುದ್ದಿ, ಅದೇ ಇತಿಹಾಸ. ಇದರಲ್ಲಿ ಪತ್ರಿಕೆಯವರ ದುಷ್ಟತನವನ್ನೇ ಹುಡುಕಬೇಕಾಗಿಲ್ಲ. ಕೆಲಸದ ರೀತಿಯೇ ಹಾಗಿದೆ. ಅಚ್ಚಿಗೆ ಹೋಗಲು ಒಂದು ಗಂಟೆ ಉಳಿದಿರುತ್ತದೆ; ಆ ಹೊತ್ತಿನಲ್ಲಿ ಫೋನು ಎತ್ತುವುದು ಪೋಲೀಸ್ ಕಛೇರಿಯೊಂದೇ. ಅಧಿಕಾರಿ ಹೇಳಿದ್ದನ್ನು ಹೇಳಿದಂತೆ ಅಚ್ಚು ಮಾಡಿದರೆ ಮಾನನಷ್ಟದ ಮೊಕದ್ದಮೆಯ ಭಯ ಕಡಿಮೆ. ಬೀದಿಯ ಹೆಂಗಸು ಕಣ್ಣಾರೆ ಕಂಡು ಹೇಳಿದ್ದಕ್ಕೆ ಆ ರಕ್ಷಣೆ ಇಲ್ಲ. ಸಂಬಳಕ್ಕೆ ದುಡಿಯುವ ವರದಿಗಾರ ಯಾವುದನ್ನು ಬರೆದಾನು? ಗಿರಣಿಯ ಬಾಗಿಲಲ್ಲಿ ಲಾಠಿ ಬೀಸಿದ ಮರುದಿನ ‘ಗುಂಪನ್ನು ಚದುರಿಸಲು ಲಘು ಬಲಪ್ರಯೋಗ’ ಎಂದು ಪತ್ರಿಕೆಗಳಲ್ಲಿ ಬರುವುದೂ ಈ ಕಾರ್ಖಾನೆಯ ಮಾಲೇ.

ಇದು 2020ರಲ್ಲಿ ಹುಟ್ಟಿದ ರೋಗವಲ್ಲ. ವ್ಯಾಪಾರಿ ಬಂಧುಗಳು 1892ರ ಈ ಕಥೆಯನ್ನು ಮನಸ್ಸಿಟ್ಟು ಕೇಳಬೇಕು. ಮೆಂಫಿಸ್ ಪಟ್ಟಣದಲ್ಲಿ ಕರಿಯ ಜನ ಕೂಡಿ ಒಂದು ಕಿರಾಣಿ ಅಂಗಡಿ ತೆರೆದಿದ್ದರು. ಅದೇ ಬೀದಿಯಲ್ಲಿ ಮೊದಲಿನಿಂದ ಇದ್ದ ಬಿಳಿಯನ ಅಂಗಡಿಗೆ ಗಿರಾಕಿ ಕಡಿಮೆಯಾಯಿತು. ಜಗಳ ಹುಟ್ಟಿತು, ಒಂದು ರಾತ್ರಿ ಆಯುಧ ಹಿಡಿದ ಜನ ಕರಿಯರ ಅಂಗಡಿಗೆ ನುಗ್ಗಿದರು, ಒಳಗಿನವರು ಗುಂಡು ಹಾರಿಸಿದರು. ಅಂಗಡಿಯ ಮೂವರನ್ನು ಜೈಲಿಗೆ ಹಾಕಿದರು. ಮಾರ್ಚ್ ತಿಂಗಳಲ್ಲಿ ಒಂದು ಬೆಳಗಿನ ಜಾವ ಬಿಳಿಯರ ಗುಂಪು ಮೂವರನ್ನೂ ಜೈಲಿನಿಂದ ಎಳೆದೊಯ್ದು ಕೊಂದಿತು. ಇಡಾ ಬಿ. ವೆಲ್ಸ್ ಎಂಬ ಕರಿಯ ತರುಣಿ ಆ ಊರಿನಲ್ಲಿ ಒಂದು ಸಣ್ಣ ಪತ್ರಿಕೆಯ ಸಂಪಾದಕಿ, ಪಾಲುದಾರಳು. ಹೀಗೆ ಗುಂಪುಗೂಡಿ ಕೊಂದಾಗಲೆಲ್ಲ ‘ಬಿಳಿಯ ಹೆಣ್ಣಿನ ಮಾನಕ್ಕೆ ಕೈಹಾಕಿದ್ದ’ ಎಂದು ಪತ್ರಿಕೆಗಳಲ್ಲಿ ಬರುತ್ತಿತ್ತು. ಸತ್ತ ಈ ಮೂವರಲ್ಲಿ ಒಬ್ಬರು ಆಕೆಯ ಆಪ್ತರು. ಅವರ ಅಪರಾಧ ವ್ಯಾಪಾರ ಚೆನ್ನಾಗಿ ಮಾಡಿದ್ದು, ಬೇರೇನೂ ಅಲ್ಲ ಎಂದು ಆಕೆಗೆ ಗೊತ್ತಿತ್ತು. ಹಾಗಾದರೆ ಉಳಿದ ಕೊಲೆಗಳ ಕಥೆ ಏನು ಎಂದು ಒಂದೊಂದನ್ನೇ ಕೆದಕಿ ನೋಡಿದಳು. ಎಷ್ಟೋ ಕಡೆ ಅಂಥ ಆರೋಪವೇ ಇರಲಿಲ್ಲ. ಇದ್ದ ಕಡೆಯೂ ಅನೇಕ ಸಲ ನಿಜವಾಗಿರಲಿಲ್ಲ. ಅದನ್ನು ಅಚ್ಚು ಮಾಡಿದಳು. ಮೇ ತಿಂಗಳಲ್ಲಿ, ಆಕೆ ಊರಲ್ಲಿಲ್ಲದಾಗ, ಜನ ಬಂದು ಪತ್ರಿಕೆಯ ಕಛೇರಿಯನ್ನು ಧ್ವಂಸ ಮಾಡಿದರು. ತಿರುಗಿ ಬಂದರೆ ಕೊಲ್ಲುತ್ತೇವೆಂದರು. ಆಕೆ ನ್ಯೂಯಾರ್ಕಿನಲ್ಲಿ ಕೂತು ಬರೆಯುವುದನ್ನು ಮುಂದುವರಿಸಿದಳು. ಮುಂದೆ 1895ರ ಪುಸ್ತಕದಲ್ಲಿ ಆಕೆ ಎದುರಿಟ್ಟ ಲೆಕ್ಕ ಎಲ್ಲಿಯದು ಗೊತ್ತೆ? ಬಿಳಿಯರದೇ ಪತ್ರಿಕೆಯಾದ ಷಿಕಾಗೊ ಟ್ರಿಬ್ಯೂನಿನಲ್ಲಿ ಅಚ್ಚಾದ ಅಂಕಿ. ನಿಮ್ಮ ಖಾತೆಯಲ್ಲೇ ಬರೆದಿದೆ ನೋಡಿ ಎಂದು ಸಾಹುಕಾರನಿಗೆ ತೋರಿಸಿದ ಹಾಗೆ. 1931ರಲ್ಲಿ ತೀರಿಕೊಂಡ ಆಕೆಗೆ ಪುಲಿಟ್ಜರ್ ಮಂಡಳಿಯ ಗೌರವ ಬಂದದ್ದು 2020ರಲ್ಲಿ.

ಬಿಳಿಯರ ಪತ್ರಿಕೆಗಳು ಬರೆಯದಿದ್ದಾಗ ಕರಿಯರು ತಮ್ಮದೇ ಪತ್ರಿಕೆಗಳನ್ನು ನಡೆಸಿದರು. ಷಿಕಾಗೊ ಡಿಫೆಂಡರ್ 1905ರಲ್ಲಿ ಹುಟ್ಟಿತು. ಅದನ್ನು ದಕ್ಷಿಣದ ಹಳ್ಳಿಗಳಿಗೆ ಮುಟ್ಟಿಸಿದವರಲ್ಲಿ ಮುಖ್ಯರು ರೈಲಿನ ಕೂಲಿಗಳು: ಪುಲ್‌ಮನ್ ಕಂಪನಿಯ ಮಲಗುವ ಡಬ್ಬಿಗಳಲ್ಲಿ ಹಾಸಿಗೆ ಹಾಸುತ್ತಿದ್ದ ಕರಿಯ ಕೆಲಸಗಾರರು. ಮಾರಾಟಕ್ಕೆ ತಡೆಯಿದ್ದ ಊರುಗಳಿಗೂ ಕಟ್ಟುಗಳನ್ನು ಬಚ್ಚಿಟ್ಟು ಒಯ್ದರು. ನಮ್ಮ ಈ ವಾರಪತ್ರಿಕೆಯನ್ನು ಬಸ್ಸಿನ ಮೇಲೆ ಹಾಕಿ ಕಳಿಸುವ ಏಜೆಂಟರು ಈ ಮಾತನ್ನು ಕೇಳಿಸಿಕೊಳ್ಳಲಿ.

ಇನ್ನು ಮೈಮೇಲೆ ಬಂದ ಕಷ್ಟಗಳು. 1955ರ ಆಗಸ್ಟಿನಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಹುಡುಗನನ್ನು ಮಿಸಿಸಿಪಿಯಲ್ಲಿ ಕೊಂದು ನದಿಗೆ ಎಸೆದರು. ಬಿಳಿಯ ಅಂಗಡಿಕಾರನ ಹೆಂಡತಿಯ ಹತ್ತಿರ ಸಲಿಗೆಯಾಗಿ ನಡೆದುಕೊಂಡನೆಂಬುದು ನೆವ. ಷಿಕಾಗೊದಲ್ಲಿ ತಾಯಿ ಶವಪೆಟ್ಟಿಗೆಯನ್ನು ತೆರೆದಿಡಿಸಿದಳು: ನನ್ನ ಮಗನಿಗೆ ಏನು ಮಾಡಿದ್ದಾರೆಂದು ಲೋಕ ನೋಡಲಿ. ಕರಿಯರ ವಾರಪತ್ರಿಕೆ ಜೆಟ್ ಆ ಮುಖದ ಚಿತ್ರವನ್ನು ಅಚ್ಚು ಮಾಡಿತು. ವಿಚಾರಣೆಗೆ ಹೋದ ಕರಿಯ ವರದಿಗಾರರಿಗೆ ನ್ಯಾಯಾಲಯದಲ್ಲಿ ಬೇರೆ ಮೇಜು, ಪಕ್ಕಕ್ಕೆ ತಳ್ಳಿದ್ದು. ಅಲ್ಲಿಯ ಷೆರೀಫ್ ದಿನವೂ ಬೈದೇ ಅವರನ್ನು ಎದುರುಗೊಳ್ಳುತ್ತಿದ್ದ. ಹೀಗಿದ್ದೂ ಊರಿನಿಂದ ಮಾಯವಾಗಿದ್ದ ಸಾಕ್ಷಿಗಳನ್ನು ರಾತ್ರಿ ಹೊಲಗಳಲ್ಲಿ ಹುಡುಕಿ ತರುವುದಕ್ಕೆ ನೆರವಾದವರು ಆ ವರದಿಗಾರರೇ. ಬಿಳಿಯ ಗಂಡಸರೇ ಇದ್ದ ಜ್ಯೂರಿ ಒಂದು ಗಂಟೆಗೆ ಸ್ವಲ್ಪ ಮೇಲೆ ಕೂತು ಆರೋಪಿಗಳಿಬ್ಬರನ್ನೂ ಬಿಟ್ಟಿತು. ನಾಲ್ಕು ತಿಂಗಳಾದ ಮೇಲೆ ಅದೇ ಇಬ್ಬರು ಹಣ ತೆಗೆದುಕೊಂಡು ‘ಲುಕ್’ ಪತ್ರಿಕೆಗೆ ತಾವೇ ಕೊಂದೆವೆಂದು ಹೇಳಿದರು. ಒಮ್ಮೆ ಬಿಟ್ಟವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಿಸುವಂತಿಲ್ಲ.

ಎರಡು ವರ್ಷದ ಮೇಲೆ, 1957ರ ಸೆಪ್ಟೆಂಬರ್ 23ರಂದು, ಲಿಟ್ಲ್ ರಾಕ್ ಪಟ್ಟಣದ ಹೈಸ್ಕೂಲಿಗೆ ಒಂಬತ್ತು ಕರಿಯ ಮಕ್ಕಳು ಸೇರಬೇಕಾಗಿತ್ತು. ಹೊರಗೆ ದೊಂಬಿ ಕಾದಿತ್ತು. ನಾಲ್ವರು ಕರಿಯ ಪತ್ರಕರ್ತರು ನಡೆದು ಬಂದರು. ಜನ ಅವರ ಮೇಲೆ ಬಿದ್ದರು. ಆ ಗದ್ದಲದಲ್ಲೇ ಮಕ್ಕಳು ಪಕ್ಕದ ಬಾಗಿಲಿನಿಂದ ಒಳಗೆ ಹೋದರು. ಮೆಂಫಿಸಿನ ಪತ್ರಿಕೆಯ ಸಂಪಾದಕ ಎಲ್. ಅಲೆಕ್ಸ್ ವಿಲ್ಸನ್ ಓಡಲಿಲ್ಲ. ಒದ್ದರು, ಕುತ್ತಿಗೆ ಹಿಸುಕಿದರು, ಒಬ್ಬನ ಕೈಯಲ್ಲಿ ಇಟ್ಟಿಗೆಯಿತ್ತು. ವಿಲ್ಸನ್ ಬಿದ್ದ ಟೋಪಿಯನ್ನು ಎತ್ತಿಕೊಂಡು ನಡೆದೇ ಹೋದರು. ಆ ಚಿತ್ರಗಳು ಲೋಕದ ಪತ್ರಿಕೆಗಳಲ್ಲಿ ಬಂದವು. ಮರುದಿನ ಅಧ್ಯಕ್ಷ ಐಸನ್‌ಹೋವರ್ ಸೈನ್ಯ ಕಳಿಸಿದರು. ವಿಲ್ಸನ್ 1960ರಲ್ಲೇ ತೀರಿಕೊಂಡರು. ಬಿಳಿಯ ಪತ್ರಕರ್ತರಿಗೂ ವಿನಾಯಿತಿ ಇರಲಿಲ್ಲ. 1962ರ ಸೆಪ್ಟೆಂಬರ್ 30ರ ರಾತ್ರಿ ಮಿಸಿಸಿಪಿ ವಿಶ್ವವಿದ್ಯಾಲಯದ ಗಲಭೆಯಲ್ಲಿ ಪಾಲ್ ಗಿಯಾರ್ ಎಂಬ ಫ್ರೆಂಚ್ ವರದಿಗಾರನನ್ನು ಗುಂಡಿಕ್ಕಿ ಕೊಂದರು. ಕೊಂದವರು ಯಾರೆಂದು ಪತ್ತೆಯಾಗಲೇ ಇಲ್ಲ.

ಮೈಗೆ ಬೀಳುವ ಏಟು ಎಲ್ಲರಿಗೂ ಕಾಣುತ್ತದೆ. ಜಾಹೀರಾತಿಗೆ ಬೀಳುವ ಏಟು ಕಾಣುವುದಿಲ್ಲ. ಲಿಟ್ಲ್ ರಾಕಿನ ಆ ಒಂಬತ್ತು ಮಕ್ಕಳಿಗೆ ಆಸರೆಯಾಗಿ ನಿಂತವರು ಡೈಸಿ ಬೇಟ್ಸ್ ಮತ್ತು ಅವರ ಗಂಡ. ಇಬ್ಬರೂ ಕೂಡಿ ಒಂದು ವಾರಪತ್ರಿಕೆ ನಡೆಸುತ್ತಿದ್ದರು. ಅಂಗಡಿಗಳವರು ಜಾಹೀರಾತು ನಿಲ್ಲಿಸಿದರು. 1959ರಲ್ಲಿ ಪತ್ರಿಕೆ ಮುಚ್ಚಿತು. ಕೋರ್ಟಿನ ಆಜ್ಞೆಗೆ ತಲೆಬಾಗಿ ಎಂದು ಬರೆದ ಅದೇ ಊರಿನ ಬಿಳಿಯರ ದೊಡ್ಡ ಪತ್ರಿಕೆ ಅರ್ಕಾನ್ಸಾ ಗೆಜೆಟ್ಟಿಗೂ ಬಹಿಷ್ಕಾರ ಹಾಕಿದರು. ಅದಕ್ಕೆ ಗಂಟು ದೊಡ್ಡದಿತ್ತು, ಉಳಿಯಿತು. ವ್ಯಾಪಾರಿ ಬಂಧುಗಳೇ, ನಿಮ್ಮ ಕೈಯಲ್ಲಿರುವ ನಾಲ್ಕು ಅಂಗುಲದ ಜಾಹೀರಾತಿಗೆ ಎಷ್ಟು ಬಲವಿದೆಯೆಂದು ನಿಮಗಿಂತ ಚೆನ್ನಾಗಿ ದೊಡ್ಡವರಿಗೆ ಗೊತ್ತು.

ಮೊಕದ್ದಮೆಯ ಏಟು ಇನ್ನೂ ಜಾಣತನದ್ದು. 1960ರ ಮಾರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗರ ಪರವಾಗಿ ಹಣ ಕೂಡಿಸಲು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಪುಟದ ಜಾಹೀರಾತು ಬಂತು. ಅದರಲ್ಲಿ ಕೆಲವು ಸಣ್ಣ ತಪ್ಪುಗಳಿದ್ದವು: ಕಿಂಗರನ್ನು ನಾಲ್ಕು ಸಲ ಹಿಡಿದಿದ್ದರೆ ಏಳು ಸಲ ಎಂದಿತ್ತು; ವಿದ್ಯಾರ್ಥಿಗಳು ಹಾಡಿದ್ದು ಒಂದು ಹಾಡು, ಹೇಳಿದ್ದು ಇನ್ನೊಂದು. ಮಾಂಟ್‌ಗೊಮೆರಿ ಪಟ್ಟಣದಲ್ಲಿ ಪೋಲೀಸರ ಮೇಲ್ವಿಚಾರಕನಾಗಿದ್ದ ಸಲ್ಲಿವನ್ ಎಂಬವನ ಹೆಸರೇ ಅದರಲ್ಲಿ ಇರಲಿಲ್ಲ. ಆದರೂ ಆತ ಮಾನ ಹೋಯಿತೆಂದು ದಾವೆ ಹಾಕಿದ. ಅಲ್ಲಿಯ ಜ್ಯೂರಿ 5 ಲಕ್ಷ ಡಾಲರ್ ಕೊಡಿಸಿತು. ಪತ್ರಿಕೆಯ ಜೊತೆಗೆ ನಾಲ್ವರು ಕರಿಯ ಪಾದ್ರಿಗಳನ್ನೂ ಸೇರಿಸಿದ್ದ. ಅಪೀಲು ನಡೆಯುತ್ತಿರುವಾಗಲೇ ಅವರ ಮೋಟಾರುಗಳನ್ನು ಜಪ್ತಿ ಮಾಡಿದರು. ಇಂಥ ದಾವೆಗಳು ಒಂದರ ಹಿಂದೊಂದು ಬಿದ್ದರೆ ದಕ್ಷಿಣಕ್ಕೆ ವರದಿಗಾರರನ್ನು ಕಳಿಸುವವರು ಯಾರು? 1964ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಸುಳ್ಳೆಂದು ತಿಳಿದೋ, ನಿಜ ಸುಳ್ಳಿನ ಪರಿವೆಯೇ ಇಲ್ಲದೆಯೋ ಬರೆದದ್ದೆಂದು ಸಾಬೀತಾಗದ ಹೊರತು ಅಧಿಕಾರಿಗೆ ಪರಿಹಾರವಿಲ್ಲ ಎಂದಿತು. ಆ ನಾಲ್ಕು ವರ್ಷ ಪತ್ರಿಕೆಗಳ ಮೇಲೆ ಕತ್ತಿ ತೂಗುತ್ತಲೇ ಇತ್ತು.

ಈವರೆಗೆ ಹೇಳಿದ್ದು ಹೊರಗಿನವರು ಒಡ್ಡಿದ ಕಷ್ಟ. ಪತ್ರಿಕಾ ಕಛೇರಿಯ ಒಳಗೇ ಇದ್ದ ಕಷ್ಟ ಇದಕ್ಕಿಂತ ದೊಡ್ಡದು. 1965ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಎಂಬ ಕರಿಯರ ಕೇರಿ ಹೊತ್ತಿಕೊಂಡಿತು. ಲಾಸ್ ಏಂಜಲೀಸ್ ಟೈಮ್ಸ್ ದೊಡ್ಡ ಪತ್ರಿಕೆ, ಆದರೆ ಅದರಲ್ಲಿ ಕರಿಯ ವರದಿಗಾರ ಒಬ್ಬನೂ ಇರಲಿಲ್ಲ. ಬಿಳಿಯ ವರದಿಗಾರರು ಒಳಗೆ ಕಾಲಿಡುವಂತಿರಲಿಲ್ಲ. ಕೊನೆಗೆ ಜಾಹೀರಾತು ವಿಭಾಗದಲ್ಲಿ ಕಾಗದ ಪತ್ರ ಮುಟ್ಟಿಸುತ್ತಿದ್ದ ರಾಬರ್ಟ್ ರಿಚರ್ಡ್‌ಸನ್ ಎಂಬ 24 ವರ್ಷದ ಕರಿಯ ಹುಡುಗನನ್ನು ಕಳಿಸಿದರು. ಆತ ಬೀದಿಬದಿಯ ಫೋನಿನಿಂದ ಕಂಡದ್ದನ್ನು ಹೇಳುತ್ತ ಹೋದ. ಕಛೇರಿಯಲ್ಲಿ ಕೂತವರು ಬರೆದುಕೊಂಡರು. ಮರುವರ್ಷ ಆ ವರದಿಗಳಿಗೆ ಪತ್ರಿಕೆಗೆ ಪುಲಿಟ್ಜರ್ ಬಂತು. ಬೆಂಕಿ ಬಿದ್ದ ದಿನ ಬಾವಿ ತೋಡಿದರು ಎನ್ನುವುದು ಇದಕ್ಕೇ.

ಈಗ ಡೆಟ್ರಾಯಿಟ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮಂಥವರ ಊರು ಅದು: ಮೋಟಾರು ಕಾರ್ಖಾನೆಗಳ ಊರು, ಕೂಲಿಯವರ ಊರು. 1967ರ ಜುಲೈ 23ರ ಬೆಳಗಿನ ಜಾವ ಪರವಾನಗಿಯಿಲ್ಲದ ಒಂದು ಹೆಂಡದಂಗಡಿಯ ಮೇಲೆ ಪೋಲೀಸರು ದಾಳಿಯಿಟ್ಟರು. ಅಲ್ಲಿಂದ ಹತ್ತಿದ ಬೆಂಕಿ ಐದು ದಿನ ಉರಿಯಿತು. 43 ಜನ ಸತ್ತರು. ಅವರಲ್ಲಿ 33 ಮಂದಿ ಕರಿಯರು, 10 ಮಂದಿ ಬಿಳಿಯರು. ಏಳು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದರು. ಆ ದಿನಗಳ ಸುದ್ದಿಯ ಮುಖ್ಯ ಎಳೆ ಒಂದೇ: ಮನೆಗಳ ಮೇಲೆ, ಕಿಟಕಿಗಳ ಹಿಂದೆ ಕರಿಯರು ಅಡಗಿ ಕೂತು ಗುಂಡು ಹಾರಿಸುತ್ತಿದ್ದಾರೆ. ನಷ್ಟದ ಲೆಕ್ಕ 50 ಕೋಟಿ ಡಾಲರಿನವರೆಗೆ ಹೋಯಿತು. ಆಮೇಲೆ ಎಣಿಸಿ ನೋಡಿದಾಗ ಸಿಕ್ಕಿದ್ದು 4ರಿಂದ 4.5 ಕೋಟಿ. ಹತ್ತರಲ್ಲಿ ಒಂದು ಪಾಲು! ನಮ್ಮ ಪೇಟೆಯಲ್ಲಿ ಹೀಗೆ ಲೆಕ್ಕ ಬರೆದ ಗುಮಾಸ್ತನಿಗೆ ಮರುದಿನ ಕೆಲಸವಿರುತ್ತಿರಲಿಲ್ಲ.

ಮರೆಯಿಂದ ಗುಂಡು ಹಾರಿಸುವವರ ವದಂತಿ ಏನು ಮಾಡಿತು ಗೊತ್ತೆ? ಒಂದು ರಾತ್ರಿ ಒಂದು ಮನೆಯ ಕಿಟಕಿಯಲ್ಲಿ ಸಣ್ಣ ಬೆಳಕು ಕಂಡಿತು. ಒಳಗೊಬ್ಬರು ಸಿಗರೇಟು ಹಚ್ಚಿದ್ದರು. ಬೀದಿಯಲ್ಲಿದ್ದ ಸೈನ್ಯದವರು ಬಂದೂಕಿನ ಮಿಂಚೆಂದು ತಿಳಿದು ಭಾರಿ ಮೆಷಿನ್‌ಗನ್ ತಿರುಗಿಸಿದರು. ನಾಲ್ಕು ವರ್ಷದ ಹೆಣ್ಣುಮಗು ಸತ್ತಿತು. ಅಲ್ಜಿಯರ್ಸ್ ಮೋಟೆಲ್ ಎಂಬ ವಸತಿಗೃಹದಲ್ಲಿ ಮೂವರು ಕರಿಯ ತರುಣರ ಹೆಣ ಸಿಕ್ಕಿದಾಗಲೂ ಮೊದಲ ಸುದ್ದಿ ಮರೆಯಲ್ಲಿದ್ದವರ ಗುಂಡಿನ ಚಕಮಕಿಯದೇ. ಅವರು ಒಳಗೇ, ತೀರ ಹತ್ತಿರದಿಂದ ಗುಂಡು ತಿಂದು ಸತ್ತಿದ್ದರು.

ಇದು ಹೊರಬಿದ್ದದ್ದು ಹೇಗೆ? ಡೆಟ್ರಾಯಿಟ್ ಫ್ರೀ ಪ್ರೆಸ್ ಪತ್ರಿಕೆಯ ವರದಿಗಾರರು ವಾರಗಟ್ಟಲೆ ಒಂದೇ ಕೆಲಸ ಮಾಡಿದರು. ಸತ್ತ 43 ಜನರಲ್ಲಿ ಒಬ್ಬೊಬ್ಬರದನ್ನೂ ಬೇರೆ ಬೇರೆಯಾಗಿ ತೆಗೆದುಕೊಂಡರು. ಎಲ್ಲಿ ಸತ್ತರು, ಎಷ್ಟು ಹೊತ್ತಿಗೆ, ಗುಂಡು ಯಾರದು, ಕೈಯಲ್ಲಿ ಏನಿತ್ತು, ಪಕ್ಕದಲ್ಲಿದ್ದವರು ಯಾರು. ಪೋಲೀಸರ ಕಾಗದ, ವೈದ್ಯರ ಕಾಗದ ನೋಡಿದರು, ನೆರೆಹೊರೆಯವರ ಮಾತು ಕೇಳಿದರು, ಒಂದಕ್ಕೊಂದು ತಾಳೆ ಹಾಕಿದರು. ಲೂಟಿ ಮಾಡುತ್ತಿದ್ದವರನ್ನು ಲೂಟಿ ಮಾಡುತ್ತಿದ್ದರೆಂದೇ ಬರೆದರು, ಬೆಣ್ಣೆ ಹಚ್ಚಲಿಲ್ಲ. ಕೊನೆಗೆ ಬಂದ ಫಲಿತ: ಈ ಸಾವುಗಳಲ್ಲಿ ಹೆಚ್ಚಿನವು ಆಗಬೇಕಾಗಿರಲಿಲ್ಲ, ಮರೆಯಲ್ಲಿ ಕೂತು ಗುಂಡು ಹಾರಿಸುತ್ತಿದ್ದರೆಂದು ಸಾಧಿಸಬಹುದಾದವರು ತೀರ ವಿರಳ. ಈ ವೃತ್ತಿಯಲ್ಲಿ ಇದಕ್ಕಿಂತ ಹಿರಿದಾದ ಕೆಲಸ ನನಗೆ ತಿಳಿದಂತೆ ಬಹಳವಿಲ್ಲ. ಅದರಲ್ಲಿ ಅಲಂಕಾರವಿಲ್ಲ, ಕೂಗಾಟವಿಲ್ಲ. ಮುನೀಮನ ಕೆಲಸ ಅದು, ಹೆಣಗಳ ಮುನೀಮ.

ಆ ಬೇಸಗೆಯ ಗಲಭೆಗಳನ್ನು ವಿಚಾರಿಸಲು ಅಧ್ಯಕ್ಷ ಜಾನ್ಸನ್ ನೇಮಿಸಿದ ಕೆರ್ನರ್ ಆಯೋಗದ ವರದಿ 1968ರಲ್ಲಿ ಬಂತು. ಅದರಲ್ಲಿ ಪತ್ರಿಕೆ, ರೇಡಿಯೋ, ಟೆಲಿವಿಷನ್ನಿಗೆಂದೇ ಒಂದು ಅಧ್ಯಾಯವಿದೆ. ಬರೆಯುವ, ತಿದ್ದುವ ಕೆಲಸದಲ್ಲಿ ಕರಿಯರು ನೂರಕ್ಕೆ 5 ಮಂದಿಯೂ ಇಲ್ಲ, ಸಂಪಾದಕರು ಮೇಲ್ವಿಚಾರಕರಲ್ಲಿ ನೂರಕ್ಕೆ ಒಬ್ಬರೂ ಇಲ್ಲ ಎಂದಿತು. ಬಿಳಿಯನು ತನ್ನ ಜಗಲಿಯ ಮೇಲೆ ಕೂತು ನೋಡಿದ ಹಾಗೆ ನಾಡನ್ನು ಬರೆಯುತ್ತೀರಿ, ಗಲಭೆಯನ್ನು ಬರೆದಿರಿ, ಅದಕ್ಕೆ ಕಾರಣವಾದ ಬದುಕನ್ನು ಬರೆಯಲಿಲ್ಲ ಎಂಬುದು ಆಯೋಗದ ಆಕ್ಷೇಪಣೆಯ ತಿರುಳು. ನ್ಯೂಅರ್ಕಿನಲ್ಲಿ ಒಬ್ಬ ಛಾಯಾಚಿತ್ರಗಾರ ಚಿತ್ರಕ್ಕೆಂದು ಒಬ್ಬ ಕರಿಯ ಹುಡುಗನನ್ನು ಪುಸಲಾಯಿಸಿ ಕಲ್ಲು ಎಸೆಸಿದ ಸಂಗತಿಯೂ ಆ ವರದಿಯಲ್ಲಿದೆ. ಹತ್ತು ವರ್ಷದ ಮೇಲೆ, 1978ರಲ್ಲಿ, ಅಮೇರಿಕದ ಸಂಪಾದಕರ ಸಂಘವು 2000ನೇ ಇಸವಿಯ ಹೊತ್ತಿಗೆ ಜನಸಂಖ್ಯೆಯಲ್ಲಿ ಎಷ್ಟೋ ಅಷ್ಟೇ ಪಾಲು ಪತ್ರಿಕೆಗಳಲ್ಲೂ ಇರಬೇಕೆಂದು ನಿರ್ಧರಿಸಿತು. 2000 ಬಂತು, ಹೋಯಿತು. ಆ ಪಾಲು ಬರಲಿಲ್ಲ.

ಬರಲಿಲ್ಲವಾದ್ದರಿಂದಲೇ 2005ರಲ್ಲಿ ಮತ್ತೆ ಅದೇ ನಾಟಕ ನಡೆಯಿತು. ಕತ್ರೀನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಎರಡು ಸುದ್ದಿಸಂಸ್ಥೆಗಳಿಂದ ಎರಡು ಚಿತ್ರಗಳು ಬಂದವು. ಎದೆಮಟ್ಟದ ನೀರಿನಲ್ಲಿ ಆಹಾರ ಹಿಡಿದು ಬರುತ್ತಿದ್ದ ಕರಿಯ ಹುಡುಗನ ಚಿತ್ರದ ಕೆಳಗೆ ‘ಲೂಟಿ’ ಎಂದಿತ್ತು. ಹಾಗೆಯೇ ಬರುತ್ತಿದ್ದ ಇಬ್ಬರು ಬಿಳಿಯರ ಚಿತ್ರದ ಕೆಳಗೆ ಅಂಗಡಿಯಲ್ಲಿ ‘ಸಿಕ್ಕಿದ’ ಬ್ರೆಡ್ಡು ಎಂದಿತ್ತು. ಅದೇ ನೀರು, ಅದೇ ಹಸಿವು, ಮಾತು ಮಾತ್ರ ಬೇರೆ. ಬಡವರು ಆಶ್ರಯ ಪಡೆದಿದ್ದ ಸೂಪರ್‌ಡೋಮ್ ಎಂಬ ಕ್ರೀಡಾಂಗಣದಲ್ಲಿ ರಾಶಿ ರಾಶಿ ಹೆಣಗಳಿವೆಯೆಂದು ಸುದ್ದಿ ಹರಡಿತು. ಎಣಿಸಿದಾಗ ಸಿಕ್ಕಿದ್ದು ಬೆರಳೆಣಿಕೆಯಷ್ಟು, ಅವರಲ್ಲೂ ಹೆಚ್ಚಿನವರು ಕಾಯಿಲೆಯಿಂದ ಸತ್ತವರು. ವದಂತಿಯನ್ನು ಸುಳ್ಳೆಂದು ಎಣಿಸಿ ತೋರಿಸಿದ್ದು ಪ್ರವಾಹದಲ್ಲೂ ಊರು ಬಿಟ್ಟು ಹೋಗದ ವರದಿಗಾರರಿದ್ದ ಸ್ಥಳೀಯ ಪತ್ರಿಕೆ ಟೈಮ್ಸ್ ಪಿಕಾಯೂನ್.

ರೋಗ ಬಂದಾಗಿನ ಮಾತನ್ನು ಬೇಗ ಮುಗಿಸುತ್ತೇನೆ. 2020ರ ಏಪ್ರಿಲ್ ಮೊದಲ ವಾರದ ಹೊತ್ತಿಗೆ ಮಿಲ್ವಾಕಿ ಜಿಲ್ಲೆಯಲ್ಲಿ ಕೋವಿಡ್ಡಿನಿಂದ ಸತ್ತವರು 27 ಮಂದಿ. ಅವರಲ್ಲಿ ನೂರಕ್ಕೆ 81ರಷ್ಟು ಕರಿಯರು. ಅಲ್ಲಿಯ ಜನಸಂಖ್ಯೆಯಲ್ಲಿ ಅವರು ನೂರಕ್ಕೆ 26 ಮಾತ್ರ. ಪ್ರೊಪಬ್ಲಿಕ ಎಂಬ ಸಂಸ್ಥೆಯ ವರದಿಗಾರರು ಅದನ್ನು ಬರೆಯಲು ಸಾಧ್ಯವಾದದ್ದು ಆ ಊರಿನ ಆರೋಗ್ಯ ಇಲಾಖೆ ಫಾರಮ್ಮಿನಲ್ಲಿ ಆ ಕಾಲಮ್ಮನ್ನು ಇಟ್ಟಿದ್ದರಿಂದ. ಬೇರೆ ಎಷ್ಟೋ ಕಡೆ ಕಾಲಮ್ಮೇ ಇರಲಿಲ್ಲ. ಎಣಿಸದಿದ್ದರೆ ಸುದ್ದಿಯಿಲ್ಲ.

ಕರಿಯ ವರದಿಗಾರರನ್ನು ನೇಮಿಸಿಕೊಂಡ ಮಾತ್ರಕ್ಕೆ ತೊಡಕು ಮುಗಿಯಿತೆ? 2020ರ ಮೇ 29ರ ಮುಂಜಾನೆ ಮಿನಿಯಾಪೊಲಿಸಿನಲ್ಲಿ ಸಿಎನ್ಎನ್ ವಾಹಿನಿಯ ಒಮರ್ ಹಿಮೆನೆಜ್ ಕ್ಯಾಮರಾದ ಎದುರು ಮಾತಾಡುತ್ತಿದ್ದಂತೆಯೇ ಪೋಲೀಸರು ಕೈಗೆ ಬೇಡಿ ಹಾಕಿದರು. ಎಲ್ಲಿ ನಿಲ್ಲಬೇಕು ಹೇಳಿ, ಅಲ್ಲೇ ನಿಲ್ಲುತ್ತೇವೆ ಎಂದು ಆತ ಸೌಮ್ಯವಾಗಿ ಹೇಳುತ್ತಿದ್ದುದನ್ನು ಲೋಕವೆಲ್ಲ ನೋಡಿತು. ಸ್ವಲ್ಪ ದೂರದಲ್ಲಿದ್ದ ಅದೇ ವಾಹಿನಿಯ ಬಿಳಿಯ ವರದಿಗಾರನನ್ನು ಮರ್ಯಾದೆಯಿಂದ ಮಾತಾಡಿಸಿ ಬಿಟ್ಟರು. ಸಂಸ್ಥಾನದ ಗವರ್ನರ್ ಕ್ಷಮೆ ಕೇಳಿದರು. ಅದೇ ದಿನಗಳಲ್ಲಿ ಪಿಟ್ಸ್‌ಬರ್ಗಿನ ಪೋಸ್ಟ್ ಗೆಜೆಟ್ ಪತ್ರಿಕೆಯ ಅಲೆಕ್ಸಿಸ್ ಜಾನ್ಸನ್ ಎಂಬ ಕರಿಯ ವರದಿಗಾರ್ತಿ ಕಸ ಚೆಲ್ಲಾಡಿದ ಮೈದಾನದ ಚಿತ್ರಗಳನ್ನು ಹಾಕಿ, ಲೂಟಿಕೋರರ ಹಾವಳಿಯೆಂದು ತಿಳಿಯಬೇಡಿ, ಇದು ಒಂದು ಹಾಡಿನ ಕಚೇರಿ ಮುಗಿದ ಮೇಲಿನ ದೃಶ್ಯ ಎಂದು ಪರಿಹಾಸ್ಯ ಮಾಡಿದರು. ಸಂಪಾದಕರು ಅವರಿಗೆ ಪಕ್ಷಪಾತವಿದೆಯೆಂದು ಹೇಳಿ ಪ್ರತಿಭಟನೆಗಳ ವರದಿಗೆ ಕಳಿಸಲಿಲ್ಲ. ಕರಿಯಳಾದರೆ ಪಕ್ಷಪಾತ, ಪೋಲೀಸ್ ಕಛೇರಿಯ ಕಾಗದವನ್ನೇ ನೂರು ವರ್ಷ ನಕಲು ಮಾಡಿದವರು ಮಾತ್ರ ನಿಷ್ಪಕ್ಷಪಾತಿಗಳೋ? ಹಾಗೆಂದು ನಮ್ಮವರು ಬರೆದದ್ದೆಲ್ಲ ನಿಜ ಎಂದೂ ನಾನು ಒಪ್ಪುವವನಲ್ಲ. ನಮ್ಮ ಕಡೆಯ ಪತ್ರಿಕೆಗಳೂ ಐನೂರು ಜನರ ಮೆರವಣಿಗೆಯನ್ನು ಐದು ಸಾವಿರ ಮಾಡುತ್ತವೆ. ಡೆಟ್ರಾಯಿಟಿನ 43ರ ಲೆಕ್ಕದಲ್ಲಿ ಆ ಚಪಲವಿರಲಿಲ್ಲ, ಆದ್ದರಿಂದಲೇ ಅದನ್ನು ಯಾರಿಗೂ ಅಲ್ಲಾಡಿಸಲಾಗಲಿಲ್ಲ.

ಇನ್ನೊಂದು ಮಾತು, ಸಣ್ಣದೆನಿಸಬಹುದು. ದಕ್ಷಿಣದ ಬಿಳಿಯರ ಪತ್ರಿಕೆಗಳು ಬಹುಕಾಲ ಕರಿಯ ಹೆಂಗಸರ ಹೆಸರಿನ ಹಿಂದೆ ‘ಮಿಸೆಸ್’ ಎಂದು ಬರೆಯುತ್ತಿರಲಿಲ್ಲ. ಅಲಬಾಮದ ನ್ಯಾಯಾಲಯವೊಂದರಲ್ಲಿ ಮೇರಿ ಹ್ಯಾಮಿಲ್ಟನ್ ಎಂಬ ಹೋರಾಟಗಾರ್ತಿ, ನನ್ನನ್ನು ‘ಮೇರಿ’ ಎಂದು ಕರೆದರೆ ಉತ್ತರಿಸುವುದಿಲ್ಲ, ‘ಮಿಸ್ ಹ್ಯಾಮಿಲ್ಟನ್’ ಎನ್ನಿ ಎಂದರು. ನ್ಯಾಯಾಲಯ ನಿಂದನೆಯೆಂದು ಅವರಿಗೆ ಶಿಕ್ಷೆಯಾಯಿತು. 1964ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ನಮ್ಮ ಕನ್ನಡದಲ್ಲಿ ‘ಮಿಸೆಸ್’ ಬೇಕಿಲ್ಲ, ಕ್ರಿಯಾಪದದ ಬಾಲದಲ್ಲೇ ಮರ್ಯಾದೆ ಇದೆ. ಮೂಟೆ ಕದ್ದ ಆರೋಪ ಬಂದ ಹಮಾಲನನ್ನು ‘ಹಿಡಿದರು, ಆತ ಒಪ್ಪಿಕೊಂಡ’ ಎಂದು ಬರೆಯುತ್ತಾರೆ. ಬ್ಯಾಂಕು ನುಂಗಿದ ಆರೋಪ ಬಂದ ಧಣಿಯನ್ನು ‘ವಿಚಾರಣೆಗೆ ಹಾಜರಾದರು, ಅವರು ನಿರಾಕರಿಸಿದರು’ ಎಂದು ಬರೆಯುತ್ತಾರೆ. ಇಬ್ಬರ ಮೇಲೂ ಇರುವುದು ಬರೀ ಆರೋಪ. ನಾಳೆ ಬೆಳಿಗ್ಗೆ ಯಾವ ಪತ್ರಿಕೆಯನ್ನಾದರೂ ಬಿಡಿಸಿ ಇದೊಂದನ್ನು ಪರೀಕ್ಷಿಸಿ ನೋಡಿ.

ನಿಮ್ಮಿಂದ ಆಗುವುದೇನು ಎಂದು ಕೇಳಬಹುದು. ಗಿರಣಿಯ ಬಾಗಿಲಿಗೆ ವರದಿಗಾರ ಬಂದರೆ ಬರೀ ಘೋಷಣೆ ಕೂಗಿ ಕಳಿಸಬೇಡಿ. ಅವನೂ ಸಂಬಳದವನು, ಅವನಿಗೂ ಅಚ್ಚಿನ ಹೊತ್ತಿದೆ. ಎಷ್ಟು ಗಂಟೆಗೆ ಲಾಠಿ ಬಿತ್ತು, ಎಷ್ಟು ಜನರಿಗೆ ಏಟಾಯಿತು, ಯಾವ ಆಸ್ಪತ್ರೆಗೆ ಸೇರಿಸಿದ್ದಾರೆ, ಕಣ್ಣಾರೆ ಕಂಡವರು ಯಾರು ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿ. ಆ ಚೀಟಿ ಪೋಲೀಸ್ ಕಛೇರಿಯ ಕಾಗದಕ್ಕಿಂತ ಮೊದಲು ಅವನ ಕೈಗೆ ಮುಟ್ಟಲಿ. ವ್ಯಾಪಾರಿ ಬಂಧುಗಳು ರಾತ್ರಿ ಹನ್ನೊಂದಕ್ಕೆ ಫೋನಿಗೆ ಬರುವ ‘ಅವರ ಕೇರಿಯಿಂದ ಜನ ಬರುತ್ತಿದ್ದಾರಂತೆ’ ಎಂಬ ಸಂದೇಶವನ್ನು ಹತ್ತು ಜನಕ್ಕೆ ದಾಟಿಸುವ ಮುನ್ನ ಆ ಕೇರಿಯಲ್ಲಿರುವ ತಮ್ಮ ಒಬ್ಬ ಗಿರಾಕಿಗೆ ಫೋನು ಮಾಡಿ ಕೇಳಲಿ. ಡೆಟ್ರಾಯಿಟಿನ ಆ ಕಿಟಕಿಯಲ್ಲಿ ಹೊತ್ತಿದ್ದು ಸಿಗರೇಟು.

ರಾತ್ರಿ ಪಾಳಿಯವರು ಹೊರಡುವ ಸಮಯವಾಯಿತು. ಉಳಿದವರ ಪ್ರಶ್ನೆಗಳಿದ್ದರೆ ಉತ್ತರಿಸುತ್ತೇನೆ.